ಒಂದೊಂದು ಸಾಲಿಗೂ ಸೂಚಕರು, ಅನುಮೋದಕರು

ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆಯಲು ಹೊರಟವರು ನಾವು ಹನ್ನೊಂದು ಹಳೇ ವಿದ್ಯಾರ್ಥಿಗಳು. ಇಬ್ಬರು ಊರಲ್ಲಿ, ಉಳಿದವರು ಬೆಂಗಳೂರು, ಪುಣೆ, ದುಬೈ. ಎಲ್ಲರೂ ಒಂದೇ ಗೂಗಲ್ ಡಾಕ್‌ನಲ್ಲಿ ಬರೆಯುತ್ತಿದ್ದೆವು. ಒಬ್ಬರು ರಾತ್ರಿ ಬರೆದದ್ದನ್ನು ಇನ್ನೊಬ್ಬರು ಬೆಳಿಗ್ಗೆ ಅಳಿಸುತ್ತಿದ್ದರು. ಮೂರು ವಾರವಾದರೂ ಮೊದಲ ಪುಟ ಮುಗಿಯಲಿಲ್ಲ.

ನಾನು ಊರಿನ ಹಾಲಿನ ಸಂಘದಲ್ಲಿ ನಡವಳಿ ಪುಸ್ತಕ ಬರೆದವನು. ಮಾತು ಮುಂದಿಡುವ ಸೂಚಕರು, ಅದನ್ನು ಬೆಂಬಲಿಸುವ ಅನುಮೋದಕರು, ಸಭೆಗೆ ಕನಿಷ್ಠ ಇಷ್ಟು ಜನ ಇರಬೇಕೆಂಬ ಕೋರಂ ಎಲ್ಲ ರೂಢಿಯಾಗಿತ್ತು. ಅದನ್ನೇ ಇಲ್ಲೂ ತರೋಣ ಅಂದೆ. "ಬರವಣಿಗೆಗೆ ಯಾಕಪ್ಪಾ ವೋಟು?" ಅಂದರು ಒಬ್ಬರು. ನಮ್ಮ ಸಂವಿಧಾನ ಹಾಗೇ ತಯಾರಾದದ್ದು ಅಲ್ವಾ? ಅದರ ಕರಡು ಪ್ರತಿಗೆ ಸುಮಾರು 7,635 ತಿದ್ದುಪಡಿ ಬಂದವು. ಅದರಲ್ಲಿ 2,473 ಸಂವಿಧಾನ ರಚನಾ ಸಭೆಯಲ್ಲಿ ಮಂಡನೆಯಾದವು.

ಡಾಕ್‌ನಲ್ಲಿ ನೇರವಾಗಿ ತಿದ್ದುವ ಅಧಿಕಾರ ನಮ್ಮ ಗುಂಪಿನ ಅಧ್ಯಕ್ಷರಿಗೆ ಮಾತ್ರ ಉಳಿಸಿದೆವು. ಉಳಿದವರು ಸಲಹೆ ಹಾಕಬಹುದು. ಸುಮ್ನೆ "ಇದು ಸರಿಯಿಲ್ಲ" ಅಂದರೆ ಸಾಲದು, ಹೊಸ ಸಾಲನ್ನು ಪೂರ್ತಿ ಬರೆದು ಕೊಡಬೇಕು. ಇನ್ನೊಬ್ಬರು ಅನುಮೋದಿಸದಿದ್ದರೆ ಚರ್ಚೆಯೇ ಇಲ್ಲ. ಅರ್ಧ ಜಗಳ ಇಷ್ಟಕ್ಕೇ ನಿಂತಿತು. ಚರ್ಚೆಗೆ ಎರಡು ದಿನ, ಕೋರಂ ಆರು ಜನ.

"ಊರವರು ಕಟ್ಟಡ ಕಟ್ಟಿಸಿದರು" ಅಂತ ಒಂದು ಸಾಲಿತ್ತು. "ಕಲ್ಲು ಹೊತ್ತು ಕಟ್ಟಿದರು" ಅಂತ ಒಬ್ಬರ ತಿದ್ದುಪಡಿ. ವಾಟ್ಸಾಪ್‌ನಲ್ಲಿ ಒಮ್ಮೆಯೂ ಬಾಯಿ ಬಿಡದ ಅಕ್ಕ ಒಬ್ಬರು ಅದಕ್ಕೆ "ಹೆಂಗಸರೂ ಗಂಡಸರೂ" ಅಂತ ಸೇರಿಸಿದರು. ಅವರ ತಾಯಿ ಆಗ ಕಲ್ಲು ಹೊತ್ತವರಂತೆ. ಕೊನೆಗೆ ಬಂದದ್ದು ಮೊದಲು ಮತಕ್ಕೆ: ಮೊದಲು ಅಕ್ಕನ ಮಾತು, ಆಮೇಲೆ ತಿದ್ದುಪಡಿ, ಕಡೆಗೆ ಇಡೀ ಸಾಲು. ಒಂಬತ್ತು ಮತ ಬಂತು. ಆ ಸಾಲು ನನಗೆ ಇಡೀ ಸಂಚಿಕೆಯಲ್ಲೇ ಜಾಸ್ತಿ ಇಷ್ಟ.

ತೀರ್ಮಾನವಾದ ಸಾಲನ್ನು ಮತ್ತೆ ಎತ್ತಬೇಕಾದರೆ ಗೆದ್ದ ಕಡೆ ಮತ ಹಾಕಿದವರೇ ಎತ್ತಬೇಕು. ಇದನ್ನು ಹೆನ್ರಿ ರಾಬರ್ಟ್ ಅವರ ಸಭಾ ನಿಯಮಗಳಿಂದ ತೆಗೆದುಕೊಂಡೆವು. ಅಮೆರಿಕದ ಸೇನೆಯ ಆ ಎಂಜಿನಿಯರ್ ಅವನ್ನು ಅಚ್ಚು ಹಾಕಿಸಿದ್ದು 1876ರಲ್ಲಿ. ಸೋತವರು ದಿನಾ ಅದೇ ಮಾತು ಎತ್ತುವುದು ಇದರಿಂದ ತಪ್ಪಿತು.

ಅಲ್ಪವಿರಾಮ, ಕಾಗುಣಿತ ಮತಕ್ಕೆ ಹಾಕಲಿಲ್ಲ. ಇಬ್ಬರಿಗೆ ವಹಿಸಿದೆವು. ಶಾಲೆ ಶುರುವಾದ ಇಸವಿಯನ್ನು ಐದು ಜನ ಒಂದು ಹೇಳಿದರು, ನಾಲ್ಕು ಜನ ಇನ್ನೊಂದು. ಮತಕ್ಕೆ ಹಾಕಿ ಅಂತ ಒತ್ತಾಯವೂ ಬಂತು. ಅಧ್ಯಕ್ಷರು ಒಪ್ಪಲಿಲ್ಲ. ಊರಲ್ಲಿದ್ದವರು ಶಾಲೆಗೆ ಹೋಗಿ ದಾಖಲಾತಿ ಪುಸ್ತಕದ ಮೊದಲ ಪುಟದ ಫೋಟೋ ತೆಗೆದು ಡಾಕ್‌ಗೆ ಹಾಕಿದರು.