ಆಫ್‌ರೋಡ್ ಬೈಕಿಗೆ ಕೆಳ ಆರ್‌ಪಿಎಂನಲ್ಲೇ ಎಳೆತ ಬರಬೇಕಾದರೆ

ಕಡಿದಾದ ಏರು, ಮಧ್ಯೆ ಕಲ್ಲು, ಎರಡನೇ ಗೇರ್. ಆಕ್ಸಿಲರೇಟರ್ ತಿರುವಿದರೆ ಗಾಡಿ ತಡವರಿಸಿ ಆಫ್ ಆಗುತ್ತದೆ, ಇಲ್ಲವೇ ಕ್ಲಚ್ ಹಿಡಿದು ರೇಸ್ ಮಾಡಿದರಷ್ಟೇ ಮೇಲೇರುತ್ತದೆ. ಇಂಥ ಬೈಕಿನ ಪಿಕಪ್ ಹೆಚ್ಚಿಸಬೇಕೆಂದಾಗ ಹೆಚ್ಚಿನವರು ಮೊದಲು ಕೈಹಾಕುವುದು ಸೈಲೆನ್ಸರಿಗೆ. ಅದು ಕೊನೆಗೆ ಮುಟ್ಟಬೇಕಾದ ಭಾಗ. ಕೆಳಗಿನ ಎಳೆತ ಕಳೆದುಹೋಗುವುದು ಹೆಚ್ಚಾಗಿ ಮೂರು ಕಡೆ: ಎಂಜಿನ್ನಿನ ಆರೋಗ್ಯ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಲೆಕ್ಕ, ಕಾರ್ಬೊರೇಟರಿನ ಪೈಲಟ್ ಸರ್ಕ್ಯೂಟ್ (ಆಕ್ಸಿಲರೇಟರ್ ಸ್ವಲ್ಪವೇ ತೆರೆದಾಗ ಪೆಟ್ರೋಲ್ ಕೊಡುವ ದಾರಿ). ಇದೇ ಕ್ರಮದಲ್ಲಿ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಏರಿನಲ್ಲಿ ಓಡಿಸಿ ನೋಡಿ, ಬರೆದಿಟ್ಟುಕೊಳ್ಳಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಮೊದಲು ಗಾಡಿ ಸರಿ ಇದೆಯೇ ನೋಡಿ

ಏರ್ ಫಿಲ್ಟರಿನಿಂದ ಶುರು ಮಾಡಿ. ಸ್ಪಂಜಿನ ಫಿಲ್ಟರ್ ದೂಳು ತುಂಬಿಕೊಂಡಿದ್ದರೆ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ; ಆಗ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಬದಲಿಸಿದರೆ ತಪ್ಪು ಲೆಕ್ಕದ ಮೇಲೆ ಇನ್ನೊಂದು ತಪ್ಪು ಲೆಕ್ಕ. ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಚೆನ್ನಾಗಿ ಹಿಂಡಿ ಹಾಕಿ. ಹಿಂದಿನ ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಉಜ್ಜುತ್ತಿದೆಯೇ ನೋಡಿ. ಮೇಲಿನ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಫೋರ್‌ಸ್ಟ್ರೋಕ್ ಆದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಯಲೇಬೇಕು, ಎಂಜಿನ್ ಪೂರ್ತಿ ತಣ್ಣಗಿರುವಾಗ. ಗ್ಯಾಪ್ ಕಡಿಮೆಯಾದ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರದೆ ಕಂಪ್ರೆಷನ್ ಸೋರುತ್ತದೆ. ಆರ್‌ಪಿಎಂ ಕಡಿಮೆ ಇದ್ದಾಗ ಸೋರುವುದಕ್ಕೆ ಸಮಯ ಹೆಚ್ಚು, ಹಾಗಾಗಿ ಪೆಟ್ಟು ಮೊದಲು ಬೀಳುವುದು ಕೆಳಗಿನ ಎಳೆತಕ್ಕೆ. ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡುವುದು ಇದರ ಜೊತೆಗಾರ ಲಕ್ಷಣ. ಕಂಪ್ರೆಷನ್ ಗೇಜ್ ನಂಬುವ ಮೊದಲು ಒಂದು ಮಾತು: ತಾನಾಗಿ ಕೆಲಸ ಮಾಡುವ ಡಿಕಂಪ್ರೆಸರ್ (ಸ್ಟಾರ್ಟ್ ಮಾಡುವಾಗ ವಾಲ್ವನ್ನು ಕೊಂಚ ತೆರೆದು ಒತ್ತಡ ಇಳಿಸುವ ಭಾಗ) ಇರುವ ಎಂಜಿನ್ನುಗಳಲ್ಲಿ ಕಿಕ್ ಹೊಡೆದಾಗ ಗೇಜ್ ಕಡಿಮೆಯೇ ತೋರಿಸುತ್ತದೆ. ಅಲ್ಲಿ ಲೀಕ್‌ಡೌನ್ ಪರೀಕ್ಷೆಯೇ ಸರಿ: ವಾಲ್ವ್‌ಗಳು ಮುಚ್ಚಿರುವಾಗ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವುದು. ಸೋರಿಕೆ 10 ಶೇಕಡಾದೊಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ಎಂಜಿನ್ ಬಿಚ್ಚದೆ ಟ್ಯೂನಿಂಗಿಗೆ ಇಳಿಯಬೇಡಿ. ಗಾಳಿ ಏರ್ ಬಾಕ್ಸ್ ಕಡೆ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆ ಬಂದರೆ ಎಕ್ಸಾಸ್ಟ್ ವಾಲ್ವ್, ಕ್ರ್ಯಾಂಕ್‌ಕೇಸಿನ ಉಸಿರು ಪೈಪಿನಲ್ಲಿ ಬಂದರೆ ಪಿಸ್ಟನ್ ರಿಂಗ್.

ಟೂಸ್ಟ್ರೋಕ್ ಆದರೆ ರೀಡ್ ಬ್ಲಾಕ್ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ತೆಳು ಪಟ್ಟಿಗಳ, ಅಂದರೆ ರೀಡ್‌ಗಳ ಭಾಗ) ತೆಗೆದು ಬೆಳಕಿಗೆ ಹಿಡಿಯಿರಿ. ರೀಡಿನ ತುದಿ ಚೂರಾಗಿದ್ದರೆ, ಅಥವಾ ಎದ್ದು ನಿಂತು ಬೆಳಕು ಕಾಣುತ್ತಿದ್ದರೆ ಒಳಗೆ ಹೋದ ಮಿಶ್ರಣ ವಾಪಸ್ ಉಗುಳುತ್ತದೆ. ಹಾಗೆಯೇ ಪವರ್ ವಾಲ್ವ್, ಅಂದರೆ ಆರ್‌ಪಿಎಂಗೆ ತಕ್ಕಂತೆ ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸುವ ಭಾಗ. ಅದು ಮಸಿ ಕಟ್ಟಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಮೇಲೆ ಚೆನ್ನಾಗಿ ಓಡುವ ಗಾಡಿ ಕೆಳಗೆ ಸತ್ತಂತಿರುತ್ತದೆ.

ಸ್ಪ್ರಾಕೆಟ್: ಕಡಿಮೆ ಖರ್ಚು, ಹೆಚ್ಚು ಫಲ

ಎಂಜಿನ್ನಿಗೆ ಕೈಹಚ್ಚದೆ ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಹೆಚ್ಚಿಸುವ ದಾರಿ ಇದು. ಮುಂದೆ 13, ಹಿಂದೆ 50 ಹಲ್ಲು ಇದೆ ಎನ್ನಿ, ಅನುಪಾತ 3.85. ಮುಂದಿನದನ್ನು 12 ಮಾಡಿದರೆ 4.17, ಅಂದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸುಮಾರು 8 ಶೇಕಡಾ ಹೆಚ್ಚು ಟಾರ್ಕ್. ಅಷ್ಟೇ ಪರಿಣಾಮ ಹಿಂದಿನಿಂದ ಬೇಕಾದರೆ 54 ಹಲ್ಲು ಹಾಕಬೇಕು. ಮುಂದಿನ ಒಂದು ಹಲ್ಲು ಹಿಂದಿನ ನಾಲ್ಕಕ್ಕೆ ಸಮ. ಬದಲಿಗೆ ಟಾಪ್ ಸ್ಪೀಡ್ 8 ಶೇಕಡಾದಷ್ಟು ಇಳಿಯುತ್ತದೆ. ಕಾಡುದಾರಿಯಲ್ಲಿ ಅದರ ನೆನಪೂ ಬರುವುದಿಲ್ಲ.

ಎರಡರಲ್ಲಿ ಯಾವುದು? ಪರೀಕ್ಷೆಗೆ ಮುಂದಿನದು: ಬೆಲೆ ಕಡಿಮೆ, ಅರ್ಧ ಗಂಟೆಯ ಕೆಲಸ. ಆದರೆ ಸಣ್ಣ ಸ್ಪ್ರಾಕೆಟ್ ಸುತ್ತ ಚೈನ್ ಹೆಚ್ಚು ಬಾಗುತ್ತದೆ, ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ, ಮೇಲೆ ಕೆಳಗೆ ಆಡುವ ತೋಳು) ಮೇಲಿನ ಚೈನ್ ಸ್ಲೈಡರ್ ಬೇಗ ಸವೆಯುತ್ತದೆ. ಆದ್ದರಿಂದ ಅನುಪಾತ ಹಿಡಿಸಿದ ಮೇಲೆ ಅದನ್ನೇ ಹಿಂದಿನ ಸ್ಪ್ರಾಕೆಟ್ ಮೂಲಕ ಪಡೆಯುವುದು ಉತ್ತಮ. 520 ಅಳತೆಯ ಚೈನಿನಲ್ಲಿ ಒಂದು ಹಲ್ಲು ಬದಲಾದರೆ ಆಕ್ಸಲ್ ಸುಮಾರು 4 ಮಿ.ಮೀ. ಸರಿಯುತ್ತದೆ. ಹಿಂದೆ ನಾಲ್ಕು ಹಲ್ಲು ಏರಿಸಿದರೆ ಚಕ್ರ 16 ಮಿ.ಮೀ. ಮುಂದೆ ಬರಬೇಕು, ಅಷ್ಟು ಜಾಗವಿಲ್ಲದಿದ್ದರೆ ಎರಡು ಲಿಂಕ್ ಉದ್ದದ ಚೈನ್ ಬೇಕು, ಆಗ ಆಕ್ಸಲ್ ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ ನಿಲ್ಲುತ್ತದೆ. ಚಕ್ರ ಮುಂದೆ ಬಂದಷ್ಟೂ ಗಾಡಿ ಚುರುಕಾಗಿ ತಿರುಗುತ್ತದೆ, ಏರಿನಲ್ಲಿ ಮುಂದಿನ ಚಕ್ರವೂ ಅಷ್ಟೇ ಬೇಗ ಏಳುತ್ತದೆ.

ಚೈನ್ ಸಡಿಲ ಮ್ಯಾನುಯಲ್ ಹೇಳಿದಷ್ಟೇ ಇರಲಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವೋಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಆ ಸ್ಥಿತಿಯಲ್ಲೂ ಸ್ವಲ್ಪ ಸಡಿಲ ಉಳಿಯದಿದ್ದರೆ ಗೇರ್‌ಬಾಕ್ಸಿನ ಬೇರಿಂಗ್ ಏಟು ತಿನ್ನುತ್ತದೆ.

ಪೈಲಟ್ ಸರ್ಕ್ಯೂಟ್

ಕೆಳಗಿನ ಎಳೆತವೆಲ್ಲ ಇರುವುದು ಆಕ್ಸಿಲರೇಟರಿನ ಮೊದಲ ಕಾಲು ಭಾಗದಲ್ಲಿ. ಅಲ್ಲಿ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿಗೆ (ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ಭಾಗ) ಸಿಕ್ಕಿಸಿದ ಸೂಜಿ, ಆಮೇಲೆ ಮೇನ್ ಜೆಟ್. ಮೇನ್ ಜೆಟ್ ದೊಡ್ಡದು ಹಾಕಿ ಪಿಕಪ್ ಬರಲಿಲ್ಲ ಎನ್ನುವವರು ಮುಟ್ಟಿದ್ದೇ ಬೇರೆ ಜಾಗ.

ಸ್ಕ್ರೂ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಿ. ಕಾರ್ಬೊರೇಟರಿನ ಎಂಜಿನ್ ಕಡೆಗಿದ್ದರೆ ಅದು ಫ್ಯೂಯಲ್ ಸ್ಕ್ರೂ: ಹೊರಕ್ಕೆ ತಿರುಗಿಸಿದಷ್ಟೂ ರಿಚ್. ಏರ್ ಫಿಲ್ಟರ್ ಕಡೆಗಿದ್ದರೆ ಏರ್ ಸ್ಕ್ರೂ: ಹೊರಕ್ಕೆ ಬಂದಷ್ಟೂ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಮೊದಲನೆಯದು ಸಾಮಾನ್ಯವಾಗಿ ಫೋರ್‌ಸ್ಟ್ರೋಕಿನಲ್ಲಿ, ಎರಡನೆಯದು ಟೂಸ್ಟ್ರೋಕಿನಲ್ಲಿ.

1. ಗಾಡಿಯನ್ನು 10 ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ, ಚೋಕ್ ಪೂರ್ತಿ ಆಫ್ ಇರಲಿ.
2. ಎಂಜಿನ್ ನಿಲ್ಲಿಸಿ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಕುಳಿತ ಕೂಡಲೇ ನಿಲ್ಲಿಸಿ. ಎಷ್ಟು ಸುತ್ತಿಗೆ ಕುಳಿತಿತು ಎಂಬುದನ್ನು ಬರೆದಿಡಿ. ಒತ್ತಿ ಬಿಗಿದರೆ ಸ್ಕ್ರೂವಿನ ಚೂಪು ಮೂತಿ ಸೀಟನ್ನು ಹಾಳು ಮಾಡುತ್ತದೆ.
3. ಒಂದೂವರೆ ಸುತ್ತು ಹೊರಕ್ಕೆ ತಂದು ಸ್ಟಾರ್ಟ್ ಮಾಡಿ. ಕಾಲು ಸುತ್ತು ತಿರುಗಿಸಿ ಹತ್ತು ಸೆಕೆಂಡ್ ಕಾಯಿರಿ, ಮತ್ತೆ ಕಾಲು ಸುತ್ತು. ಎರಡೂ ದಿಕ್ಕಿಗೆ ಹೋಗಿ ನೋಡಿ. ಐಡ್ಲಿಂಗ್ ಅತಿ ಹೆಚ್ಚಾಗಿ, ಸಮನಾಗಿ ಕೇಳುವ ಜಾಗ ಹುಡುಕಿ.
4. ಐಡ್ಲಿಂಗ್ ಸ್ಕ್ರೂವಿನಿಂದ ಆರ್‌ಪಿಎಂ ಇಳಿಸಿ, ಮೂರನೆಯ ಹೆಜ್ಜೆಯನ್ನು ಇನ್ನೊಮ್ಮೆ ಮಾಡಿ.

ಈಗ ಸುತ್ತು ಎಣಿಸಿ. ಒಂದರಿಂದ ಎರಡೂವರೆ ಸುತ್ತಿನ ನಡುವೆ ಇದ್ದರೆ ಜೆಟ್ ಸರಿಯಿದೆ. ಫ್ಯೂಯಲ್ ಸ್ಕ್ರೂ ಎರಡೂವರೆ ದಾಟಿದ ಮೇಲೂ ಇನ್ನೂ ಬೇಕು ಎಂದರೆ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಬೇಕು; ಒಂದಕ್ಕಿಂತ ಕಡಿಮೆಯಾದರೆ ಒಂದು ಸೈಜ್ ಚಿಕ್ಕದು. ಏರ್ ಸ್ಕ್ರೂವಿಗೆ ಈ ಲೆಕ್ಕ ತಲೆಕೆಳಗು.

ಹೊಸ ಜೆಟ್ ತರುವ ಮೊದಲು ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕೈಹಿನ್ ಕಂಪನಿಯ ಪೈಲಟ್ ಜೆಟ್ಟಿನ ಮೇಲೆ 42 ಎಂದಿದ್ದರೆ ತೂತು ಸುಮಾರು 0.42 ಮಿ.ಮೀ. ನಿಂತ ಗಾಡಿಯ ಪೆಟ್ರೋಲ್ ಅಂಟಾಗಿ ಅದರಲ್ಲಿ ಅರ್ಧ ಮುಚ್ಚಿಕೊಂಡರೆ ಬರಿಗಣ್ಣಿಗೆ ತೆರೆದಂತೆಯೇ ಕಾಣುತ್ತದೆ. ಅಂಚು ದುಂಡಗೆ, ಚೊಕ್ಕವಾಗಿ ಕಾಣಬೇಕು. ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತಂತಿ ತೂರಿಸಿದರೆ ಹಿತ್ತಾಳೆ ಸವೆದು ಸೈಜೇ ಬದಲಾಗುತ್ತದೆ. ಬಿಚ್ಚುವಾಗ ಫ್ಯೂಯಲ್ ಸ್ಕ್ರೂವಿನ ಸ್ಪ್ರಿಂಗ್, ವಾಷರ್, ಪುಟ್ಟ ಓ-ರಿಂಗ್ ಮೂರನ್ನೂ ಕಾಯ್ದುಕೊಳ್ಳಿ. ಆ ಓ-ರಿಂಗ್ ಇಲ್ಲದೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

ಗಾಡಿಯೇ ಹೇಳುವ ಲಕ್ಷಣಗಳಿವೆ. ಒಮ್ಮೆ ರೇಸ್ ಮಾಡಿ ಬಿಟ್ಟಾಗ ಆರ್‌ಪಿಎಂ ಮೇಲೆಯೇ ನಿಂತು ನಿಧಾನ ಇಳಿದರೆ ಲೀನ್, ಇಲ್ಲವೇ ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಐಡ್ಲಿಂಗಿಗಿಂತ ಕೆಳಗಿಳಿದು ಸುಧಾರಿಸಿಕೊಂಡರೆ ರಿಚ್. ಎತ್ತರದ ಪ್ರದೇಶಕ್ಕೆ ಹೋದರೂ ರಿಚ್ ಆಗುತ್ತದೆ, ಪ್ರತಿ 1000 ಮೀಟರಿಗೆ ಗಾಳಿ ಸುಮಾರು 10 ಶೇಕಡಾ ತೆಳುವಾಗುವುದರಿಂದ.

ಐಡ್ಲಿಂಗ್ ಚೆನ್ನಾಗಿದ್ದೂ ಆಕ್ಸಿಲರೇಟರ್ ತಟ್ಟನೆ ತೆರೆದಾಗ ಮಾತ್ರ ಉಸಿರು ಕಟ್ಟಿದರೆ, ಫೋರ್‌ಸ್ಟ್ರೋಕಿನಲ್ಲಿ ಆಕ್ಸಿಲರೇಟರ್ ಪಂಪ್ ನೋಡಿ. ಎಂಜಿನ್ ನಿಲ್ಲಿಸಿ, ಕಾರ್ಬೊರೇಟರಿನ ಬಾಯಿ ಕಾಣುವಂತೆ ಮಾಡಿ ಆಕ್ಸಿಲರೇಟರ್ ತಿರುಗಿಸಿ. ಪೆಟ್ರೋಲಿನ ಎಳೆ ತಡವಿಲ್ಲದೆ ಹೊಮ್ಮಬೇಕು, ಮೇಲೇಳುವ ಸ್ಲೈಡಿಗೆ ತಾಗದೆ ನೇರ ಒಳಗೆ ಹೋಗಬೇಕು. ಎಳೆ ಬರದಿದ್ದರೆ ಡಯಾಫ್ರಮ್ ಹರಿದಿದೆ ಅಥವಾ ನಳಿಗೆ ಕಟ್ಟಿಕೊಂಡಿದೆ. ಅಕ್ಕಪಕ್ಕ ಬೆಂಕಿ, ಬಿಸಿ ಪೈಪ್ ಇರಕೂಡದು.

ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಈ ಕೆಲಸವನ್ನೆಲ್ಲ ಮಾಡುವುದು ಮ್ಯಾಪ್, ಅಂದರೆ ಯಾವ ಥ್ರಾಟಲ್ ಮತ್ತು ಆರ್‌ಪಿಎಂಗೆ ಎಷ್ಟು ಪೆಟ್ರೋಲ್ ಎಂದು ಮನೆಮನೆಯಾಗಿ ಬರೆದಿಟ್ಟ ಕೋಷ್ಟಕ. ಸಣ್ಣ ಥ್ರಾಟಲ್, ಕಡಿಮೆ ಆರ್‌ಪಿಎಂ ಇರುವ ಮನೆಗಳಲ್ಲಿ ಮಾತ್ರ 3ರಿಂದ 5 ಶೇಕಡಾದಂತೆ ಪೆಟ್ರೋಲ್ ಏರಿಸಿ ನೋಡಿ. ಆಕ್ಸಿಜನ್ ಸೆನ್ಸರ್ ಇದ್ದರೆ ಅದು ನಿಮ್ಮ ಬದಲಾವಣೆಯನ್ನು ಹಿಂದಕ್ಕೆ ತಿದ್ದುತ್ತಿರಬಹುದು ಎಂಬುದು ನೆನಪಿರಲಿ.

ಇಷ್ಟಾದ ಮೇಲೂ ಸಾಲದಿದ್ದರೆ

ಸೈಲೆನ್ಸರಿನ ಒಳಗನ್ನು ಖಾಲಿ ಮಾಡಿದರೆ ಸದ್ದು ದೊಡ್ಡದಾಗುತ್ತದೆ, ಎಳೆತ ಎಷ್ಟೋ ಸಲ ಕಡಿಮೆಯಾಗುತ್ತದೆ. ಕೆಳ ಆರ್‌ಪಿಎಂಗೆ ಬೇಕಾದದ್ದು ಉದ್ದನೆಯ, ಕಡಿಮೆ ಅಗಲದ ಹೆಡರ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಪೈಪ್). ಏರ್ ಬಾಕ್ಸಿನ ಮುಚ್ಚಳ ತೆಗೆಯುವುದೂ ಮೇಲಿನ ಆರ್‌ಪಿಎಂನ ಮದ್ದು.

ಟೂಸ್ಟ್ರೋಕಿನಲ್ಲಿ ತೆಳು ಬೇಸ್ ಗ್ಯಾಸ್ಕೆಟ್ ಹಾಕಿದರೆ ಸಿಲಿಂಡರ್ ಕೆಳಗಿಳಿದು ಪೋರ್ಟ್‌ಗಳು ತಡವಾಗಿ ತೆರೆಯುತ್ತವೆ, ಕಂಪ್ರೆಷನ್ ಏರುತ್ತದೆ. ಎರಡೂ ಕೆಳಗಿನ ಎಳೆತಕ್ಕೆ ಒಳ್ಳೆಯದು. ಆದರೆ ಸ್ಕ್ವಿಶ್ (ಪಿಸ್ಟನ್ ತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು) ಅಳೆಯದೆ ಮಾಡಬೇಡಿ. ಮೆತ್ತನೆಯ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಸಿಲಿಂಡರಿನ ಅಂಚಿನವರೆಗೆ, ಪಿಸ್ಟನ್ ಪಿನ್ನಿನ ಗೆರೆಯಲ್ಲೇ ತೂರಿಸಿ ಎಂಜಿನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ. ಬೇರೆ ದಿಕ್ಕಿನಲ್ಲಿಟ್ಟರೆ ಪಿಸ್ಟನ್ ಓಲಾಡಿ ತಪ್ಪು ಅಳತೆ ಬರುತ್ತದೆ. 1 ಮಿ.ಮೀ.ಗಿಂತ ಕೆಳಗೆ ಹೋಗದಿರುವುದು ಕ್ಷೇಮ. ಫ್ಲೈವೀಲಿನ ಹಿಂದಿರುವ ಸ್ಟೇಟರ್ ಪ್ಲೇಟ್ ಸರಿಸಿ ಇಗ್ನಿಷನ್ ಅಡ್ವಾನ್ಸ್ ಮಾಡುವುದಿದ್ದರೂ (ಕಿಡಿ ತುಸು ಮೊದಲೇ ಹಾರುವಂತೆ ಮಾಡುವುದು) ಒಂದು ಡಿಗ್ರಿ ಸಾಕು. ಲೋಡಿನಲ್ಲಿ ಟಿಣಿಟಿಣಿ ಸದ್ದು ಕೇಳಿದರೆ ಕೂಡಲೇ ಹಿಂದಕ್ಕೆ ತನ್ನಿ, ನಾಕಿಂಗ್ ಪಿಸ್ಟನ್ನಿಗೆ ತೂತು ಕೊರೆಯುತ್ತದೆ.

ಪದೇ ಪದೇ ಆಫ್ ಆಗುವುದೇ ಮುಖ್ಯ ತೊಂದರೆಯಾದರೆ ಫ್ಲೈವೀಲಿಗೆ ತೂಕ ಸೇರಿಸುವುದು ಇವೆಲ್ಲಕ್ಕಿಂತ ಮೇಲು. ಇದರಿಂದ ಪವರ್ ಒಂದಿಷ್ಟೂ ಹೆಚ್ಚುವುದಿಲ್ಲ. ತಿರುಗುವ ತೂಕ ಎಂಜಿನ್ನನ್ನು ಮುಂದಕ್ಕೆ ಎಳೆದೊಯ್ಯುತ್ತದೆ, ಜಾರು ನೆಲದಲ್ಲಿ ಚಕ್ರ ಸುಮ್ಮನೆ ಗಿರಗಿರನೆ ತಿರುಗುವುದೂ ಕಡಿಮೆಯಾಗುತ್ತದೆ. 250 ಸಿಸಿಗೆ 200ರಿಂದ 300 ಗ್ರಾಂ ಸಾಕು. ಕೂರಿಸುವ ಮುನ್ನ ಕ್ರ್ಯಾಂಕಿನ ಟೇಪರ್ ಮತ್ತು ಫ್ಲೈವೀಲಿನ ಒಳಗನ್ನು ಎಣ್ಣೆ ಉಳಿಯದಂತೆ ಒರೆಸಿ, ನಟ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಅಲ್ಲಿ ಸ್ವಲ್ಪ ಜಾರಿದರೂ ಫ್ಲೈವೀಲನ್ನು ಜಾಗದಲ್ಲಿ ನಿಲ್ಲಿಸುವ ಪುಟ್ಟ ಕೀ ತುಂಡಾಗಿ ಟೈಮಿಂಗ್ ಕೆಡುತ್ತದೆ. ಕವರ್ ಹಾಕಿದ ಮೇಲೆ ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿ, ಒಳಗೆ ಲೋಹ ಲೋಹಕ್ಕೆ ತಾಗುವ ಸದ್ದಿದೆಯೇ ಕೇಳಿ. ತಾಗಿದರೆ ಕವರಿಗೆ ಸ್ಪೇಸರ್ ಬೇಕು.