ಒಬ್ಬರ ಮೆದುಳಿನ ಸ್ಕ್ಯಾನ್: ಕೆಂಪು ಚುಕ್ಕೆ ನಂಬುವ ಮೊದಲು ಮಾಡಬೇಕಾದ ಲೆಕ್ಕ

ಜಯನಗರದಲ್ಲಿ ಜೋರು ಮಳೆ, ಹೆಬ್ಬಾಳದಲ್ಲಿ ಬಿಸಿಲು. ಬೆಂಗಳೂರಿನ ಸರಾಸರಿ ಮಳೆ ಹೇಳಿದರೆ ನಿಮ್ಮ ಮನೆ ಮುಂದೆ ನೀರು ನಿಂತಿದೆಯಾ ಅಂತ ಗೊತ್ತಾಗುತ್ತಾ? ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಅಂತ ಕೆಂಪು ಚುಕ್ಕೆಗಳಲ್ಲಿ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಕೂಡ ಹಾಗೇ. ಸಂಶೋಧನೆಗೆ ಇಪ್ಪತ್ತು ಜನರ ಸರಾಸರಿ ನಡೆಯುತ್ತದೆ. ಗಡ್ಡೆ ತೆಗೆಯುವ ಸರ್ಜನ್‌ಗೆ ಬೇಕಾದದ್ದು ಎದುರಿಗೆ ಮಲಗಿರುವ ಒಬ್ಬರ ಮೆದುಳು.

ಮೊದಲು, ಕೊಡುವ ಕೆಲಸ ಸುಲಭವಾಗಿರಲಿ. 30 ಸೆಕೆಂಡ್ ಬಲಗೈ ಬೆರಳು ಆಡಿಸುವುದು, 30 ಸೆಕೆಂಡ್ ಸುಮ್ನೆ ಮಲಗುವುದು, ಹೀಗೆ ಆರು ಸಲ. ಮಾತಿನ ಜಾಗ ಹುಡುಕುವುದಾದರೆ ‘ಕ’ದಿಂದ ಶುರುವಾಗುವ ಪದಗಳನ್ನು ಮನಸ್ಸಲ್ಲೇ ನೆನೆಯಲು ಹೇಳಿ, ಕನ್ನಡದವರಿಗೆ ಕನ್ನಡದಲ್ಲೇ. ಬೆರಳಾಡಿಸುವಾಗಲೆಲ್ಲ ತಲೆಯೂ ಅಲ್ಲಾಡಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸುವುದೇ ವಾಸಿ.

ಆಮೇಲೆ ಮಾಡೆಲ್. ಯಂತ್ರ ನರಗಳ ಕೆಲಸವನ್ನು ನೇರವಾಗಿ ನೋಡುವುದಿಲ್ಲ, ರಕ್ತದ ಆಮ್ಲಜನಕದ ಏರಿಳಿತ ನೋಡುತ್ತದೆ, ಅದು ತುದಿ ಮುಟ್ಟಲು 5-6 ಸೆಕೆಂಡ್ ಬೇಕು. ಆ ತಡವನ್ನೂ ಸೇರಿಸಿ ಸಿಗ್ನಲ್ ಹೇಗೆ ಏರಿಳಿಯಬೇಕು ಅಂತ ಒಂದು ಗೆರೆ ಬರೆದುಕೊಂಡು, ಸುಮಾರು 3 ಮಿಲಿಮೀಟರ್ ಅಗಲದ ಪ್ರತಿ ವೋಕ್ಸೆಲ್ (ಸ್ಕ್ಯಾನ್ ಚಿತ್ರದ ಪುಟ್ಟ ಘನ ತುಂಡು) ಆ ಗೆರೆಗೆ ಹೊಂದುತ್ತಾ ಅಂತ ಟಿ-ಟೆಸ್ಟ್ (ಹೊಂದಿಕೆ ನಿಜವಾ, ಆಕಸ್ಮಿಕವಾ ಅಂತ ಅಳೆಯುವ ಲೆಕ್ಕ) ಮಾಡಬೇಕು. ಎಡವುವುದು ಇಲ್ಲೇ. ಎರಡು ಸೆಕೆಂಡಿಗೊಮ್ಮೆ ತೆಗೆದ ಚಿತ್ರಗಳು ಒಂದನ್ನೊಂದು ಹೋಲುತ್ತವೆ. ಒಂದೇ ಮನೆಯ ಐದು ಜನರನ್ನು ‘ಮಳೆ ಬಂತಾ’ ಅಂತ ಕೇಳಿದರೆ ಐದು ಸಾಕ್ಷಿ ಆಗುವುದಿಲ್ಲ, ಅಲ್ವಾ? ಈ ಹೋಲಿಕೆಯನ್ನು, ಅಂದರೆ ಆಟೋಕೋರಿಲೇಶನ್ ಅನ್ನು, ಬಿಟ್ಟು ಲೆಕ್ಕ ಹಾಕಿದರೆ ಟಿ ಮೌಲ್ಯ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಇನ್ನು ಥ್ರೆಶೋಲ್ಡ್, ಅಂದರೆ ಯಾವ ಮಿತಿ ದಾಟಿದರೆ ವೋಕ್ಸೆಲ್‌ಗೆ ಬಣ್ಣ ಹಚ್ಚಬೇಕು ಅನ್ನುವುದು. ಒಂದು ಲಕ್ಷ ವೋಕ್ಸೆಲ್‌ಗೆ 0.05 (ಆಕಸ್ಮಿಕವಾಗಿ ಹೊಳೆಯುವ ಸಾಧ್ಯತೆ ನೂರಕ್ಕೆ ಐದು) ಇಟ್ಟರೆ, ಮೆದುಳು ಏನೂ ಮಾಡದಿದ್ದರೂ ಸುಮಾರು 5,000 ಹೊಳೆಯುತ್ತವೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ತಂಡ ಸತ್ತ ಸಾಲ್ಮನ್ ಮೀನಿನ ಸ್ಕ್ಯಾನ್‌ನಲ್ಲೇ ಇಂಥ ಚುಕ್ಕೆ ತೋರಿಸಿತ್ತು. ಇಷ್ಟೊಂದು ಪರೀಕ್ಷೆ ಒಟ್ಟಿಗೆ ಮಾಡಿದ್ದಕ್ಕೆ ತಿದ್ದುಪಡಿ ಹಾಕಿದ ಮೇಲೆ ಚುಕ್ಕೆ ಮಾಯ. ಹಾಗಾಗಿ ಬಾನ್‌ಫೆರೋನಿ ಅಥವಾ ಎಫ್‌ಡಿಆರ್ ಎಂಬ ತಿದ್ದುಪಡಿ ಹಾಕಲೇಬೇಕು.

ಆದರೆ ಸರ್ಜರಿ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಿಸಬೇಡಿ. ಸುಳ್ಳು ಚುಕ್ಕೆಗಿಂತ, ಹೊಳೆಯದೇ ಉಳಿದ ನಿಜವಾದ ಜಾಗದ ಬಗ್ಗೆ ನನಗೆ ಹೆಚ್ಚು ಭಯ, ಯಾಕಂದರೆ ಅದನ್ನು ಕತ್ತರಿಸಿಬಿಟ್ಟರೆ ಆ ವ್ಯಕ್ತಿಯ ಮಾತೇ ಹೋಗಬಹುದು. ಗಡ್ಡೆಯ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದೆ ಇರಬಹುದು, ಆಗ ಕೆಲಸ ಮಾಡುವ ಜಾಗವೂ ಬಣ್ಣವಿಲ್ಲದೆ ಕಾಣುತ್ತದೆ. ಅದಕ್ಕೇ ಒಂದೇ ನಕ್ಷೆ ಕೊಡಬೇಡಿ. ಬಿಗಿ, ಮಧ್ಯಮ, ಸಡಿಲ ಥ್ರೆಶೋಲ್ಡ್‌ನ ಮೂರು ನಕ್ಷೆಗಳನ್ನೂ ಪಕ್ಕಪಕ್ಕ ಇಡಿ. ಗಡ್ಡೆ ಅಂಚಿನ ವೋಕ್ಸೆಲ್‌ಗಳ ಕಚ್ಚಾ ಸಿಗ್ನಲ್ ತೆರೆದು, ಆರು ಸಲವೂ ಏರಿದೆಯಾ ಅಂತ ಕಣ್ಣಾರೆ ನೋಡಿ. ನಾಲ್ಕು ಸಲ ಏರಿದ್ದರೂ ಸರ್ಜನ್‌ಗೆ ಬರೆದು ತಿಳಿಸಿ. ಆಪರೇಷನ್ ವೇಳೆ ಸಣ್ಣ ಕರೆಂಟ್ ಕೊಟ್ಟು ಪರೀಕ್ಷಿಸುವಾಗ ಅವರು ಮೊದಲು ಮುಟ್ಟಿ ನೋಡಬೇಕಾದದ್ದು ಆ ಜಾಗವನ್ನೇ.