ಮರುವಾಯಿ ಬೇಯಿಸಿದ ನೀರನ್ನು ಚೆಲ್ಲಬೇಡಿ

ಎರಡು ಚಿಪ್ಪಿನೊಳಗೆ ಬದುಕುವ ಈ ನೀರಿನ ಜೀವಿಗೆ ಮಂಗಳೂರು ಕಡೆ ಮರುವಾಯಿ, ಕುಮಟಾ ಕಡೆ ಬಳಚು, ಕೊಂಕಣಿಯಲ್ಲಿ ತಿಸ್ರೆ ಎಂದು ಹೆಸರು. ಜಾತಿಗಳು ಬೇರೆಬೇರೆಯಾದರೂ ಶುಚಿ ಮಾಡುವ, ಬೇಯಿಸುವ ಕ್ರಮ ಒಂದೇ. ನೂರು ಗ್ರಾಂ ಹಸಿ ಮಾಂಸದಲ್ಲಿ ಸುಮಾರು 10ರಿಂದ 14 ಗ್ರಾಂ ಪ್ರೊಟೀನ್ ಇರುತ್ತದೆ, ಕೊಬ್ಬು ಒಂದೆರಡು ಗ್ರಾಂ ಮಾತ್ರ. ಇದರ ನಿಜವಾದ ಹಿರಿಮೆ ಬಿ12 ವಿಟಮಿನ್. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂ ಒಳಗೆ. ಒಂದು ಹಿಡಿ ಮರುವಾಯಿ ಮಾಂಸದಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ. ಜೊತೆಗೆ ಕಬ್ಬಿಣ, ಸತು, ಸೆಲೆನಿಯಂ ಇವೆ. ಆದರೆ ಬಿ12 ನೀರಿನಲ್ಲಿ ಕರಗುವಂಥದ್ದು. ಬೇಯಿಸಿದ ನೀರನ್ನು ಬಚ್ಚಲಿಗೆ ಸುರಿದರೆ ಅದರ ಒಂದು ಪಾಲೂ ಹೋಯಿತು.

ಕೊಳ್ಳುವಾಗ ಬಾಯಿ ಬಿಗಿಯಾಗಿ ಮುಚ್ಚಿದ್ದನ್ನೇ ಆರಿಸಿ. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಮುಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ಬೇಡ. ಚಿಪ್ಪು ಒಡೆದದ್ದು, ನಾತ ಬರುವುದು ಬೇಡವೇ ಬೇಡ. ಗಾತ್ರಕ್ಕಿಂತ ತೀರಾ ಭಾರ ಅನಿಸಿದರೆ ಒಳಗೆ ಕೆಸರು ತುಂಬಿರಬಹುದು. ಅಂಥದ್ದೊಂದು ಬಾಣಲೆಯಲ್ಲಿ ಬಾಯಿ ಬಿಟ್ಟರೂ ಇಡೀ ಪದಾರ್ಥ ಕೆಟ್ಟಂತೆ. ತೂಕದಲ್ಲಿ ಚಿಪ್ಪಿನದೇ ಹೆಚ್ಚು ಪಾಲು: ಕಿಲೋಗೆ ನೂರು, ನೂರೈವತ್ತು ಗ್ರಾಂ ಮಾಂಸ ಸಿಕ್ಕರೆ ಒಳ್ಳೆಯ ಮಾಲು.

ಮರಳು ಬಿಡಿಸಲು ಒಂದು ಲೀಟರ್ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ, ಅಗಲ ಪಾತ್ರೆಯಲ್ಲಿ ಮರುವಾಯಿ ಮುಳುಗುವಷ್ಟೇ ಹಾಕಿ, ಕತ್ತಲಲ್ಲಿ ಎರಡು ಗಂಟೆ ಇಡಿ. ಸಿಹಿನೀರಿನಲ್ಲಿಟ್ಟರೆ ಅವು ಬಾಯಿ ಬಿಗಿದುಕೊಳ್ಳುತ್ತವೆ, ಮರಳು ಒಳಗೇ ಉಳಿಯುತ್ತದೆ. ಹೆಚ್ಚು ಹೊತ್ತಾದರೆ ಸಾಯುತ್ತವೆ. ನೀರು ಬಸಿಯಬೇಡಿ, ಕೈಯಲ್ಲಿ ಎತ್ತಿ ತೆಗೆಯಿರಿ. ಬಸಿದರೆ ತಳಕ್ಕಿಳಿದ ಮರಳೆಲ್ಲ ಮತ್ತೆ ಅವುಗಳ ಮೇಲೇ ಬೀಳುತ್ತದೆ. ಆಮೇಲೆ ಚಿಪ್ಪನ್ನು ಚಿಪ್ಪಿಗೆ ತಿಕ್ಕಿ ಮೂರು ಸಲ ತೊಳೆಯಿರಿ.

ಒಂದು ಕಿಲೋಗೆ ಅರ್ಧ ಲೋಟ ನೀರು ಸಾಕು; ಉಪ್ಪು ಹಾಕಬೇಡಿ. ಅಗಲ ಪಾತ್ರೆ, ಮುಚ್ಚಳ, ದೊಡ್ಡ ಉರಿ. ನಾಲ್ಕೈದು ನಿಮಿಷಕ್ಕೆ ಬಾಯಿ ಬಿಡುತ್ತವೆ. ಬಹಳ ಜನ ತಪ್ಪುವುದು ಇಲ್ಲೇ: ಬಾಯಿ ಬಿಟ್ಟ ಕೂಡಲೇ ಬೆಂದಿತು ಅಂದುಕೊಂಡು ಇಳಿಸಿಬಿಡುತ್ತಾರೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಸಾಯಲು ಮಾಂಸದ ಒಳಭಾಗ 90 ಡಿಗ್ರಿ ಬಿಸಿಯಲ್ಲಿ ಒಂದೂವರೆ ನಿಮಿಷವಾದರೂ ಇರಬೇಕು; ಚಿಪ್ಪು ಅದಕ್ಕೆ ಮೊದಲೇ ತೆರೆಯುತ್ತದೆ. ಹಾಗಾಗಿ ಬಾಯಿ ಬಿಟ್ಟ ಮೇಲೆ ಇನ್ನೂ ಮೂರರಿಂದ ಐದು ನಿಮಿಷ ಕುದಿಸಿ. ಆಗಲೂ ತೆರೆಯದವನ್ನು ಎಸೆಯಿರಿ. ಹಸಿಯಾಗಿಯೇ ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆಯಲ್ಲಿ) ತೆರೆಯುವವರು ಕೆಳಗೊಂದು ಬಟ್ಟಲು ಇಟ್ಟುಕೊಳ್ಳಿ, ಸುರಿಯುವ ರಸ ಅದರಲ್ಲಿ ನಿಲ್ಲಲಿ. ಬೇಯಿಸುವ ಹೊತ್ತು ಮಾತ್ರ ಕಡಿಮೆ ಮಾಡಬೇಡಿ.

ಪಾತ್ರೆಯಲ್ಲಿ ಉಳಿದ ಬೂದು ಬಣ್ಣದ ನೀರನ್ನು ಹತ್ತು ನಿಮಿಷ ತಣಿಯಲು ಬಿಡಿ, ಬಿಳಿ ಬಟ್ಟೆಯಲ್ಲಿ ಸೋಸಿ, ತಳದ ಎರಡು ಚಮಚ ಬಿಟ್ಟುಬಿಡಿ. ಸುಕ್ಕ ಮಾಡುವುದಾದರೆ ಈ ನೀರಲ್ಲೇ ಮಸಾಲೆ ಕುದಿಸಿ ಇಂಗಿಸಿ, ಪುಂಡಿಗೆ (ಅಕ್ಕಿ ಕಡುಬಿಗೆ) ಸಾರು ಬೇಕಾದರೆ ಇದನ್ನೇ ಸೇರಿಸಿ. ಇದರಲ್ಲೇ ಉಪ್ಪಿದೆ. ರುಚಿ ನೋಡಿಯೇ ಕೊನೆಗೆ ಉಪ್ಪು ಹಾಕಿ; ರಕ್ತದೊತ್ತಡ ಇರುವವರಿಗೆ ಅದೂ ಬೇಕಾಗದು. ಬೆಂದ ಮಾಂಸವನ್ನು ಮಸಾಲೆಗೆ ಕೊನೆಯ ಎರಡು ನಿಮಿಷ ಇರುವಾಗ ಹಾಕಿದರೆ ಸಾಕು, ಮತ್ತೆ ಕಾಲು ಗಂಟೆ ಕುದಿಸಿದರೆ ರಬ್ಬರಿನಂತೆ ಆಗುತ್ತದೆ. ಮೇಲೆ ಲಿಂಬೆ ಹಿಂಡಿ: ಸಿ ವಿಟಮಿನ್ ಜೊತೆಗಿದ್ದರೆ ಊಟದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಕಬ್ಬಿಣ ಹೀರಿಕೊಳ್ಳುವುದಕ್ಕೆ ಅಡ್ಡಿ.

ಬೆಂಕಿ ಎಲ್ಲವನ್ನೂ ಸರಿಮಾಡುವುದಿಲ್ಲ. ಮರುವಾಯಿ ನೀರನ್ನು ಸೋಸಿ ಬದುಕುವ ಜೀವಿ, ನೀರಲ್ಲಿದ್ದದ್ದು ಅದರ ಮೈಯಲ್ಲಿ ಸೇರುತ್ತದೆ. ಕೆಲವು ಸೂಕ್ಷ್ಮ ಪಾಚಿಗಳು ಹೆಚ್ಚಾದಾಗ ಸೇರುವ ನರವಿಷ ಕುದಿಸಿದರೂ ಹೋಗದು. 1983ರಲ್ಲಿ ಮಂಗಳೂರು ಆಸುಪಾಸಿನಲ್ಲಿ ಇಂಥ ವಿಷ ಸೇರಿದ ಮರುವಾಯಿ ತಿಂದು ಜನ ಆಸ್ಪತ್ರೆ ಸೇರಿದ್ದರು. ತಿಂದ ಮೇಲೆ ತುಟಿ, ನಾಲಿಗೆ, ಬೆರಳು ಜುಮುಗುಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಸಮುದ್ರದ ಬಣ್ಣ ಬದಲಾದ ದಿನಗಳಲ್ಲಿ, ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕಡೆ ತೆಗೆದದ್ದನ್ನು ತಿನ್ನಬೇಡಿ. ಸಿಗಡಿ, ಏಡಿ ಒಗ್ಗದವರಿಗೆ ಇದೂ ಅಲರ್ಜಿ ಆಗಬಹುದು, ಬೇಯಿಸಿದರೆ ಆ ಗುಣ ಹೋಗುವುದಿಲ್ಲ. ಯೂರಿಕ್ ಆಸಿಡ್ ಹೆಚ್ಚಿದ್ದು ಕೀಲುನೋವು ಇರುವವರು ವೈದ್ಯರನ್ನು ಕೇಳಿ ತಿನ್ನಿ.

ಅದೇ ದಿನ ಬೇಯಿಸಲು ಆಗದಿದ್ದರೆ ಒದ್ದೆ ಬಟ್ಟೆ ಮುಚ್ಚಿ ಫ್ರಿಡ್ಜಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಉಸಿರುಗಟ್ಟಿ ಸಾಯುತ್ತವೆ. ಮರುದಿನ ಬೇಯಿಸುವ ಮುಂಚೆ ಒಂದೊಂದನ್ನೂ ಮತ್ತೆ ತಟ್ಟಿ ನೋಡಿ.